ಹುಣಸೆ ಬೀಜದ ಅಂಟು, ಕೆಮ್ಮಣ್ಣಿನ ಬಣ್ಣ

ಮಧುಗಿರಿ, ಕೊರಟಗೆರೆ ಕಡೆಯ ಶಾಲೆಗಳಿಂದ ಬೆಂಗಳೂರಿಗೆ ಪ್ರವಾಸವೆಂದರೆ ವಿಧಾನಸೌಧ, ಲಾಲ್‌ಬಾಗ್, ವಿಶ್ವೇಶ್ವರಯ್ಯ ಮ್ಯೂಸಿಯಂ ನೆನಪಾಗುತ್ತವೆ. ಈ ಪಟ್ಟಿಗೆ ಸೇರಿಸಬಹುದಾದ ಇನ್ನೊಂದು ಜಾಗ ಅರಮನೆ ರಸ್ತೆಯಲ್ಲಿದೆ. ಅದು ಮಾಣಿಕ್ಯವೇಲು ಬಂಗಲೆಯಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ. ಚನ್ನರಾಯನದುರ್ಗದಿಂದ ಕೊರಟಗೆರೆ, ದಾಬಸ್‌ಪೇಟೆ ಮಾರ್ಗವಾಗಿ ಸುಮಾರು ನೂರು ಕಿಲೋಮೀಟರ್. ಬೆಳಿಗ್ಗೆ ಹೊರಟರೆ ರಾತ್ರಿ ಊಟದ ಹೊತ್ತಿಗೆ ಮನೆ ಸೇರಬಹುದು.

'ಚಿತ್ರ ನೋಡಿದರೆ ಮಾರ್ಕ್ಸ್ ಬರುತ್ತದೆಯೇ?' ಎಂದು ತಂದೆತಾಯಿಗಳು ಕೇಳುವುದು ಸಹಜ. ಉತ್ತರ ಬಂಗಲೆಯ ಒಳಗಿದೆ.

ಗಣಿ ವ್ಯವಹಾರದಿಂದ ಸಿರಿವಂತರಾದ ಮಾಣಿಕ್ಯವೇಲು ಮೊದಲಿಯಾರ್ ಅವರ ವೈಭವದ ನಿವಾಸವಾಗಿದ್ದ ಕಟ್ಟಡವಿದು. ಕಾಲ ತಿರುಗಿತು, ಮನೆ ಕೈಬಿಟ್ಟು ಹೋಗಿ ಸರ್ಕಾರದ ಪಾಲಾಯಿತು. ದೆಹಲಿ (1954) ಮತ್ತು ಮುಂಬೈ (1996) ನಂತರ ದೇಶದ ಮೂರನೆಯ ಆಧುನಿಕ ಕಲಾ ಸಂಗ್ರಹಾಲಯ 2009ರ ಫೆಬ್ರವರಿಯಲ್ಲಿ ಇಲ್ಲಿ ಆರಂಭವಾಯಿತು. ಹಳೆಯ ಮನೆಯನ್ನು ಕೆಡವದೆ, ಪಕ್ಕದಲ್ಲಿ ಹೊಸ ಕಟ್ಟಡ ಸೇರಿಸಲಾಗಿದೆ. ಒಂದು ಕಾಲಕ್ಕೆ ಆಹ್ವಾನವಿದ್ದವರಷ್ಟೇ ಕಾಲಿಡುತ್ತಿದ್ದ ಕೋಣೆಗಳಲ್ಲಿ ಈಗ ಯಾವ ಊರಿನ ಮಕ್ಕಳಾದರೂ ಓಡಾಡಬಹುದು.

ರಾಜಾ ರವಿವರ್ಮ (1848-1906) ಮಕ್ಕಳಿಗೆ ಹೊಸಬರೇನಲ್ಲ. 1894ರಲ್ಲಿ ಅವರು ತೆರೆದ ಕಲ್ಲಚ್ಚಿನ ಮುದ್ರಣಾಲಯದಿಂದ ಹೊರಟ ಲಕ್ಷ್ಮಿ, ಸರಸ್ವತಿಯರ ಪಟಗಳೇ ಮುಂದೆ ಕ್ಯಾಲೆಂಡರುಗಳಲ್ಲಿ ಮನೆಮನೆ ಸೇರಿದವು. ಆದರೆ ಅಚ್ಚಿನ ಪಟ ಬೇರೆ, ಕಲಾವಿದರೇ ಕೈಯಾರೆ ಬರೆದ ತೈಲಚಿತ್ರ ಬೇರೆ. ಅಸಲು ಚಿತ್ರದ ಎದುರು ನಿಂತರೆ ಕುಂಚ ಎಲ್ಲಿ ತಡೆಯಿತು, ಎಲ್ಲಿ ಜಾರಿತು ಎಂಬುದು ಕಾಣುತ್ತದೆ. ಪಠ್ಯಪುಸ್ತಕದ ಅಂಗೈಯಗಲದ ಚಿತ್ರದಲ್ಲಿ ಇದು ಸಿಗದು.

ಸಂಗ್ರಹಾಲಯದ ಇನ್ನೊಬ್ಬ ಹಿರಿಯ ಕಲಾವಿದ ಬಂಗಾಳದ ಜಾಮಿನಿ ರಾಯ್ (1887-1972). ಅವರ ಕಥೆ ತುಮಕೂರು ಸೀಮೆಯ ಮಕ್ಕಳಿಗೆ ಬಹಳ ಹತ್ತಿರದ್ದು. ಕಲ್ಕತ್ತೆಯ ಕಲಾಶಾಲೆಯಲ್ಲಿ ಪಾಶ್ಚಾತ್ಯ ಶೈಲಿ ಕಲಿತು ಹೆಸರು ಮಾಡಿದ್ದ ಅವರು ಅದನ್ನು ಬಿಟ್ಟು ಹಳ್ಳಿಯ ಪಟಚಿತ್ರಗಳ ಕಡೆ ತಿರುಗಿದರು. ದುಬಾರಿ ತೈಲವರ್ಣದ ಬದಲು ಕೆಮ್ಮಣ್ಣು, ಸೀಮೆಸುಣ್ಣ, ದೀಪದ ಕಾಡಿಗೆಯಂಥ ಬಣ್ಣಗಳನ್ನು ಹುಣಸೆ ಬೀಜದ ಅಂಟಿನಲ್ಲಿ ಕಲಸಿಕೊಂಡರು. ಕಂಬಳಿ ನೇಯುವವರು ನೂಲಿಗೆ ಹಾಕುವ ಗಂಜಿಯೂ ಇದೇ ಬೀಜದ್ದು! ಹಿತ್ತಿಲಿನ ವಸ್ತುವಿನಿಂದ ಬರೆದ ಚಿತ್ರ ರಾಷ್ಟ್ರದ ಸಂಗ್ರಹ ಸೇರಿತು. 'ಬಣ್ಣದ ಡಬ್ಬಿ ಕೊಡಿಸಲು ಆಗದು, ಚಿತ್ರಕಲೆ ನಮಗಲ್ಲ' ಎಂದುಕೊಳ್ಳುವ ಮನೆಗಳಿಗೆ ಇದಕ್ಕಿಂತ ದೊಡ್ಡ ಪಾಠ ಬೇಕೇ?

ಇಪ್ಪತ್ತೆಂಟನೇ ವಯಸ್ಸಿನಲ್ಲೇ ತೀರಿಕೊಂಡ ಅಮೃತಾ ಶೇರ್‌ಗಿಲ್, ಉಡುಪಿ ಬಳಿಯ ಕಟ್ಟಿಂಗೇರಿಯಿಂದ ಹೊರಟು ಜಗತ್ತು ಸುತ್ತಿದ ಕೆ.ಕೆ. ಹೆಬ್ಬಾರ್ (1911-1996) ಕೂಡ ರಾಷ್ಟ್ರೀಯ ಸಂಗ್ರಹದಲ್ಲಿದ್ದಾರೆ. ಪ್ರದರ್ಶನ ಆಗಾಗ ಬದಲಾಗುವುದರಿಂದ ಒಂದೇ ಭೇಟಿಯಲ್ಲಿ ಎಲ್ಲರ ಚಿತ್ರಗಳೂ ಸಿಗಲಾರವು. ಚಿಂತೆಯಿಲ್ಲ. ಎಲ್ಲವನ್ನೂ ಓಡುತ್ತ ನೋಡುವುದಕ್ಕಿಂತ ಮೂರು ಚಿತ್ರಗಳ ಮುಂದೆ ಐದೈದು ನಿಮಿಷ ನಿಲ್ಲುವುದು ಮೇಲು. 'ಇದರ ಅರ್ಥವೇನು?' ಎಂದು ಮಗುವನ್ನು ಪರೀಕ್ಷಿಸಬೇಡಿ. 'ಏನು ಕಾಣಿಸಿತು?' ಎಂದು ಕೇಳಿದರೆ ಸಾಕು.

ಮನೆಗೆ ಮರಳಿದ ಮೇಲೆ ನಾಲ್ಕು ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ಪುಡಿ ಮಾಡಿ ನೀರಿನಲ್ಲಿ ಕುದಿಸಿ ನೋಡಿ. ಅಂಟಿಗೆ ಒಂದು ಚಿಟಿಕೆ ಕೆಮ್ಮಣ್ಣು ಬೆರೆಸಿದರೆ ಬಣ್ಣ ಸಿದ್ಧ. ಬರೆಯಲು ಚನ್ನರಾಯನದುರ್ಗದ ಬೆಟ್ಟವಂತೂ ಎದುರಿಗೇ ಇದೆ.

(ಸಂಗ್ರಹಾಲಯಕ್ಕೆ ಸೋಮವಾರ ರಜೆ. ಗುಂಪಾಗಿ ಹೋಗುವವರು ಮೊದಲೇ ತಿಳಿಸುವುದು ಒಳ್ಳೆಯದು.)