ಅಪ್ಪನಿಗೊಂದು ಹಾಡಿನ ಡಬ್ಬಿ

ಲಕ್ಷ್ಮೇಶ್ವರದಲ್ಲಿರುವ ಅಪ್ಪನಿಗೆ ಈಗ ಕಣ್ಣು ಮಂಜು. ಕೊಡಿಸಿದ ಸ್ಮಾರ್ಟ್‌ಫೋನ್ ಮೂಲೆ ಸೇರಿತ್ತು.

“ಗಾಜು ತಿಕ್ಕೂದು ನನಗ ಆಗಂಗಿಲ್ಲೋ ತಮ್ಮಾ. ಗುಂಡಿ ಒತ್ತಿದ್ರ ಭೀಮಸೇನ ಜೋಶಿ ಹಾಡಬೇಕು, ಅಷ್ಟ” ಅಂದರು. 2008ರಲ್ಲಿ ಜೋಶಿಯವರಿಗೆ ಭಾರತರತ್ನ ಬಂದಾಗ ಓಣಿಗೆಲ್ಲ ಪೇಡೆ ಹಂಚಿದವರು ಅಪ್ಪ.

ಗದಗ-ಬೆಟಗೇರಿಯ ಅಂಗಡಿಗಳನ್ನು ಸುತ್ತಿದೆ. ದೊಡ್ಡ ಗುಂಡಿ, ಒಳಗೇ ಸ್ಪೀಕರ್, ಮೆಮೊರಿ ಕಾರ್ಡ್‌ಗೆ ಜಾಗ ಇರಲೇಬೇಕಿತ್ತು. 128 ಕೆಬಿಪಿಎಸ್ ಎಂಪಿತ್ರೀಗೆ ನಿಮಿಷಕ್ಕೆ ಸುಮಾರು 1 ಎಂಬಿ ಸಾಕು. 32 ಜಿಬಿ ಕಾರ್ಡ್‌ನಲ್ಲಿ 500 ತಾಸಿನ ಹಾಡು ಹಿಡಿಯುತ್ತದೆ.

ಆಫ್ ಮಾಡಿ ಮತ್ತೆ ಹಚ್ಚಿದರೆ ಹಾಡು ನಿಂತಲ್ಲಿಂದಲೇ ಶುರುವಾಗುತ್ತದಾ ಅಂತ ನೀವೂ ಅಂಗಡಿಯಲ್ಲೇ ನೋಡಿ. ಮುಕ್ಕಾಲು ತಾಸಿನ ರಾಗವನ್ನು ದಿನಾ ಮೊದಲಿಂದ ಯಾರು ಕೇಳ್ತಾರೆ?

ಈಗ ಬೆಳಿಗ್ಗೆ ಫೋನ್ ಮಾಡಿದರೆ ಅಪ್ಪನದು ಒಂದೇ ಮಾತು: “ಆಮ್ಯಾಲ ಮಾಡೋ, ಹಾಡು ನಡದೈತಿ.”