ಆ ಕೊನೆಯ ‘ಫಾಲ್ಸ್’ ಯಾರಿಗಾಗಿ?

ಹೆಮ್ಮರಗಾಲದ ವಿದ್ಯಾರ್ಥಿಯೊಬ್ಬರ ಪ್ರಶ್ನೆ: ‘ವೆಬ್ ಪುಟದ ಬಟನ್ ಒತ್ತಿದಾಗ ಏನಾಗಬೇಕೆಂದು ಹೇಳುವ ಆ್ಯಡ್‌ಈವೆಂಟ್‌ಲಿಸನರ್ ಸಾಲಿನ ಕೊನೆಗೆ ಹಳೆಯ ಪುಸ್ತಕಗಳಲ್ಲಿ ಫಾಲ್ಸ್ ಎಂದಿರುತ್ತದೆ. ತೆಗೆದುಹಾಕಿದರೂ ಕೆಲಸ ಸರಿಯಾಗಿಯೇ ನಡೆಯುತ್ತದೆ. ಮತ್ತೆ ಅದು ಯಾಕೆ?’

ಎಂಥ ಚೆಂದದ ಪ್ರಶ್ನೆ! ಈವೆಂಟ್ ಎಂದರೇನು ಎಂಬುದು ಅವರ ಊರಿನ ಪಂಪ್‌ಸೆಟ್‌ಗಳಿಗೇ ಗೊತ್ತು. ತ್ರೀ ಫೇಸ್ ಕರೆಂಟ್ ಯಾವಾಗ ಬರುತ್ತದೋ ಎಂದು ರೈತ ರಾತ್ರಿಯೆಲ್ಲ ಕಾದು ಕೂರುವುದಿಲ್ಲ, ಸ್ಟಾರ್ಟರನ್ನು ‘ಆಟೋ’ಗೆ ಹಾಕಿ ಮಲಗುತ್ತಾನೆ. ಕರೆಂಟ್ ಬಂದದ್ದು ಈವೆಂಟ್, ಮೋಟಾರು ಓಡುವುದು ಅದಕ್ಕೆ ಮೊದಲೇ ಒಪ್ಪಿಸಿಟ್ಟ ಕೆಲಸ.

ಇನ್ನು ಫಾಲ್ಸ್. ಬಟನ್ ಒತ್ತಿದ ಸುದ್ದಿ ನೇರ ಬಟನ್‌ಗೆ ಹೋಗುವುದಿಲ್ಲ. ಪುಟದ ಮೇಲುತುದಿಯಿಂದ ಒಂದೊಂದೇ ಚೌಕಟ್ಟು ದಾಟಿ ಬಟನ್‌ವರೆಗೆ ಇಳಿಯುತ್ತದೆ, ಮತ್ತೆ ಅದೇ ದಾರಿಯಲ್ಲಿ ಮೇಲೇರುತ್ತದೆ. ಇಳಿಯುವಾಗಲೇ ಹಿಡಿಯಬೇಕೆಂದಿತು ಬ್ರೌಸರ್ ಕಂಪನಿ ನೆಟ್‌ಸ್ಕೇಪ್. ಏರುವಾಗ ಎಂದಿತು ಮೈಕ್ರೋಸಾಫ್ಟ್. 2000ದಲ್ಲಿ ವೆಬ್ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಎರಡನ್ನೂ ಉಳಿಸಿಕೊಂಡು, ಯಾವುದು ಬೇಕೆಂದು ಪ್ರತಿ ಸಲವೂ ಹೇಳಿ ಎಂದು ಆ ಸಾಲಿನಲ್ಲಿ ಈವೆಂಟಿನ ಹೆಸರು, ಮಾಡಬೇಕಾದ ಕೆಲಸ ಇವುಗಳ ನಂತರ ಮೂರನೆಯ ಜಾಗವೊಂದನ್ನು ಇಟ್ಟಿತು. ಟ್ರೂ ಎಂದರೆ ಇಳಿಯುವಾಗ, ಫಾಲ್ಸ್ ಎಂದರೆ ಏರುವಾಗ. ಹೆಚ್ಚಿನವರಿಗೆ ಬೇಕಿದ್ದುದು ಏರುವಾಗಿನದೇ. ವಿಚಾರವಂತರೆಂದು ಬೀಗುವ ಎಂಜಿನಿಯರುಗಳೂ ಅರ್ಥ ಕೇಳದೆ ಈ ಫಾಲ್ಸನ್ನು ಮಂತ್ರದ ಹಾಗೆ ಜಪಿಸಿದರು! 2006ರಲ್ಲಿ ಜಾನ್ ರೆಸಿಗ್ ತಂದ ಜೆಕ್ವೆರಿ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯಲ್ಲಿ ಆ ಜಾಗವೇ ಇರಲಿಲ್ಲ. ‘ಕ್ಲಿಕ್’ ಎಂದು ಬರೆದು ಆಗಬೇಕಾದ ಕೆಲಸ ಕೊಟ್ಟರೆ ಸಾಕು. ಜನ ಅದಕ್ಕೆ ಮುಗಿಬಿದ್ದದ್ದರಲ್ಲಿ ಆಶ್ಚರ್ಯವಿಲ್ಲ. 2011ರ ಫೈರ್‌ಫಾಕ್ಸ್ 6 ಬಂದಾಗ ಮೂಲ ಸಾಲಿನಲ್ಲೂ ಫಾಲ್ಸ್ ಬರೆಯುವುದು ನಮ್ಮ ಇಷ್ಟಕ್ಕೆ ಬಿಟ್ಟದ್ದಾಯಿತು.

ಹೀಗೆ ಹೇಳದೆಯೂ ನಡೆಯುವ ಡಿಫಾಲ್ಟ್ ಸೋಮಾರಿಗಳಿಗೆ ಮಾಡಿದ ರಿಯಾಯಿತಿ ಎಂದುಕೊಂಡವರು ಬಹಳ. ನನಗಂತೂ ಇದನ್ನು ಕೇಳಿದರೆ ಸಿಟ್ಟು ಬರುತ್ತದೆ. ಡಿಫಾಲ್ಟ್ ಇಡುವವನು ತಾನು ಕಾಣದ ಸಾವಿರಾರು ಜನರ ಪರವಾಗಿ ತೀರ್ಮಾನ ಮಾಡುತ್ತಾನೆ. ಆ ಸ್ಟಾರ್ಟರುಗಳನ್ನೇ ನೋಡಿ: ಎಲ್ಲರೂ ಆಟೋದಲ್ಲಿಟ್ಟರೆ ಕರೆಂಟ್ ಬಂದ ಗಳಿಗೆಯಲ್ಲೇ ಮೋಟಾರುಗಳೆಲ್ಲ ಒಟ್ಟಿಗೆ ಎದ್ದು, ಶುರುವಿನಲ್ಲಿ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತವೆ. ಟ್ರಾನ್ಸ್‌ಫಾರ್ಮರ್ ಸುಟ್ಟರೆ ಊರಿನ ಶಾಪವಲ್ಲ, ಒಂದೊಂದು ಸ್ಟಾರ್ಟರಿಗೂ ಬೇರೆ ಬೇರೆ ಹೊತ್ತಿನ ಡಿಲೇ ಟೈಮರ್ ಹಾಕಿಸಿ!

ಕ್ರೋಮ್ 2017ರಲ್ಲಿ ಇಂಥದೇ ತೀರ್ಮಾನ ಮಾಡಿತು. ಬೆರಳು ತಾಗಿದ ಸುದ್ದಿ ಕೇಳುವ ಪ್ರೋಗ್ರಾಮು ಪುಟ ಸರಿಯುವುದನ್ನು ತಡೆದರೂ ತಡೆಯಬಹುದೆಂದು ಬ್ರೌಸರ್ ಕಾಯುತ್ತಿತ್ತು, ಪುಟ ತಡವರಿಸುತ್ತಿತ್ತು. ಕ್ರೋಮ್ 56, ಇಡೀ ಪುಟದ ಮಟ್ಟದಲ್ಲಿ ಹೀಗೆ ಕೇಳುವವರು ತಡೆಯುವವರಲ್ಲ ಎಂದೇ ಡಿಫಾಲ್ಟ್ ಬದಲಿಸಿತು. ಪುಟಗಳು ಸರಾಗವಾಗಿ ಸರಿದವು. ಆದರೆ ನಿಜವಾಗಿಯೂ ತಡೆಯುತ್ತಿದ್ದ ಕೆಲವು ಪುಟಗಳು ಕೆಟ್ಟವು. ಅಂಥವರು ಈಗ ಮೂರನೆಯ ಜಾಗದಲ್ಲಿ ‘ಪ್ಯಾಸಿವ್: ಫಾಲ್ಸ್’ ಎಂದು ಬರೆಯಬೇಕು. ಈ ಫಾಲ್ಸ್ ಯಾಕಿದೆ ಎಂದು ಯಾರೂ ಪತ್ರ ಬರೆದು ಕೇಳಬೇಕಿಲ್ಲ, ಪಕ್ಕದಲ್ಲೇ ಅದರ ಹೆಸರಿದೆ.