ಮೊದಲು ಬೇಯಿಸಿ, ಆಮೇಲೆ ಕೊಳೆಸಿ

ಕೊಳಚೆ ನೀರಿನ ಶುದ್ಧೀಕರಣ ಘಟಕದಲ್ಲಿ ನೀರು ತಿಳಿಯಾಗಿ ಹೊರಟ ಮೇಲೆ ಸ್ಲಡ್ಜ್ ಉಳಿಯುತ್ತದೆ. ಅದರಲ್ಲಿ ಎರಡು ಬಗೆ. ಮೊದಲ ತೊಟ್ಟಿಯಲ್ಲೇ ತಳಕ್ಕಿಳಿಯುವ ಗಸಿ ಒಂದು; ಗಾಳಿ ಊದಿದಾಗ ಕೊಳೆ ತಿಂದು ಬೆಳೆದ ಬ್ಯಾಕ್ಟೀರಿಯಾಗಳ ರಾಶಿ ಇನ್ನೊಂದು. ಗಾಳಿಯಾಡದ ಡೈಜೆಸ್ಟರಿನಲ್ಲಿ ಸುಮಾರು 35 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟರೆ ಎರಡರಿಂದಲೂ ಮೀಥೇನ್ ಹುಟ್ಟುತ್ತದೆ. ಗಸಿ ಸಲೀಸಾಗಿ ಕೊಳೆಯುತ್ತದೆ. ಬ್ಯಾಕ್ಟೀರಿಯಾ ರಾಶಿಯಲ್ಲಿ ಮಾತ್ರ 20 ದಿನವಾದರೂ ಅರ್ಧಕ್ಕಿಂತ ಹೆಚ್ಚು ಕರಗದೆ ಉಳಿಯುವುದು ಸಾಮಾನ್ಯ.

ಮೀಥೇನ್ ತಯಾರಿಸುವ ಸೂಕ್ಷ್ಮಜೀವಿಗಳನ್ನು ದೂರಿ ಫಲವಿಲ್ಲ. ಅವುಗಳ ಆಹಾರವೆಲ್ಲ ಬ್ಯಾಕ್ಟೀರಿಯಾಗಳ ಗಟ್ಟಿ ಕೋಶಭಿತ್ತಿಯ ಒಳಗೆ, ಹೊರಗಿನ ಅಂಟಿನ ನಡುವೆ ಸಿಕ್ಕಿಕೊಂಡಿರುತ್ತದೆ. ಆ ಕೋಟೆ ಒಡೆಯುವ ಹಂತವೇ ಎಲ್ಲಕ್ಕಿಂತ ನಿಧಾನ. ಹಾಗಾಗಿ ಡೈಜೆಸ್ಟರಿಗೆ ಹೋಗುವ ಮೊದಲೇ ಅದನ್ನು ಒಡೆಯುವ ಉಪಾಯಗಳು ಬಂದವು: ಶ್ರವಣಾತೀತ ಧ್ವನಿ, ಕ್ಷಾರ, ಓಜೋನ್, ಕಿಣ್ವ. ಪ್ರಯೋಗಾಲಯದಲ್ಲಿ ಎಲ್ಲವೂ ಚೆಂದ. ಆದರೆ ಹೆಚ್ಚು ಸಿಕ್ಕ ಅನಿಲಕ್ಕಿಂತ ಖರ್ಚಾದ ವಿದ್ಯುತ್ತೇ ಜಾಸ್ತಿಯಾದರೆ ಏನು ಬಂತು?

ದೊಡ್ಡ ಘಟಕಗಳಲ್ಲಿ ನೆಲೆ ಕಂಡದ್ದು ಬೇಯಿಸುವ ವಿಧಾನ. ನೀರು ಹಿಂಡಿದ ಸ್ಲಡ್ಜ್‌ಗೆ ಹಬೆ ಹಾಯಿಸಿ, ಸುಮಾರು 165 ಡಿಗ್ರಿಯಲ್ಲಿ, ವಾತಾವರಣದ ಆರೇಳು ಪಟ್ಟು ಒತ್ತಡದಲ್ಲಿ ಅರ್ಧ ಗಂಟೆ ಇಡುತ್ತಾರೆ. ಆಮೇಲೆ ಒತ್ತಡವನ್ನು ಒಮ್ಮೆಲೇ ಇಳಿಸುತ್ತಾರೆ. ಅಡುಗೆಮನೆಯ ಕುಕ್ಕರಿನಲ್ಲಿ ಯಾರೂ ಮಾಡಬಾರದ ಕೆಲಸವೇ ಇಲ್ಲಿ ಬೇಕಾದದ್ದು: ಕೋಶದೊಳಗಿನ ನೀರು ಹಬೆಯಾಗಿ ಸಿಡಿದು ಗೋಡೆ ಹರಿಯುತ್ತದೆ. ರೋಗಾಣುಗಳೂ ಸಾಯುತ್ತವೆ. ಸ್ಲಡ್ಜ್ ತೆಳ್ಳಗಾಗುವುದರಿಂದ ಅದೇ ಡೈಜೆಸ್ಟರಿಗೆ ಸುಮಾರು ಎರಡು ಪಟ್ಟು ಘನಪದಾರ್ಥ ತುಂಬಬಹುದು. ಜಾಗ ಸಾಲದ ನಗರಗಳಿಗೆ ಅನಿಲಕ್ಕಿಂತ ಇದೇ ದೊಡ್ಡ ಲಾಭವೆಂದು ನನ್ನ ಎಣಿಕೆ.

ಇಂಥ ಮೊದಲ ಪೂರ್ಣಪ್ರಮಾಣದ ಘಟಕ ನಡೆದದ್ದು ನಾರ್ವೆಯ ಹಾಮಾರ್‌ನಲ್ಲಿ, 1995ರಲ್ಲಿ. ವಾಷಿಂಗ್ಟನ್‌ನ ಬ್ಲೂ ಪ್ಲೇನ್ಸ್ ಘಟಕ 2015ರಲ್ಲಿ ಇದನ್ನು ಅಳವಡಿಸಿತು. ಅಲ್ಲಿಯವರೆಗೆ ಅದು ಸುಣ್ಣ ಬೆರೆಸಿದ ಸ್ಲಡ್ಜನ್ನು ಲಾರಿಗಳಲ್ಲಿ ಹೊಲಗಳಿಗೆ ಸಾಗಿಸುತ್ತಿತ್ತು. ಈಗ ಅನಿಲ ಟರ್ಬೈನ್ ತಿರುಗಿಸುತ್ತದೆ. ಟರ್ಬೈನಿನಿಂದ ಹೊರಬೀಳುವ ಬಿಸಿಯೇ ಬೇಯಿಸಲು ಬೇಕಾದ ಹಬೆ ಕೊಡುತ್ತದೆ. ವಿದ್ಯುತ್ತಿನ ಲೆಕ್ಕದಲ್ಲಿ ಬೇರೆ ಉಪಾಯಗಳು ಸೋತದ್ದು ಇಲ್ಲಿಯೇ.

ತೊಡಕುಗಳೂ ಇವೆ. ಒಡೆದ ಕೋಶಗಳ ಪ್ರೋಟೀನಿನಿಂದ ಅಮೋನಿಯಾ ಏರಿ, ಅತಿಯಾದರೆ ಮೀಥೇನ್ ಜೀವಿಗಳಿಗೇ ಕಂಟಕವಾಗುತ್ತದೆ. ತಾಪ ಇನ್ನೂ ಹೆಚ್ಚಿಸಿದರೆ ಸಕ್ಕರೆ, ಪ್ರೋಟೀನುಗಳು ಸೇರಿ ಕಂದು ಬಣ್ಣದ, ಯಾವ ಜೀವಿಯೂ ಸುಲಭಕ್ಕೆ ಮುಟ್ಟದ ವಸ್ತುವಾಗುತ್ತವೆ. ಹಿಂಡಿದ ನೀರಿನೊಂದಿಗೆ ಘಟಕದ ಮೊದಲ ತೊಟ್ಟಿಗೆ ಮರಳುವ ಈ ಬಣ್ಣ, ಕೊನೆಯಲ್ಲಿ ನೀರನ್ನು ನೇರಳಾತೀತ ಬೆಳಕಿನಿಂದ ಸೋಂಕುಮುಕ್ತಗೊಳಿಸುವ ಕಡೆ ಬೆಳಕಿಗೇ ಅಡ್ಡ ಬರುತ್ತದೆ.